ಹೊಸದಾಗಿ ನೆಟ್ಟ ಮರ ಬಾಡುತ್ತಿದ್ದರೆ ಮೊದಲು ಬುಡದ ಮಣ್ಣು ಕೆದಕಿ ನೋಡಿ

ಬೆಂಗಳೂರಿನ ಅಪಾರ್ಟ್‌ಮೆಂಟ್, ಲೇಔಟ್‌ಗಳಲ್ಲಿ ಮರ ನೆಟ್ಟು ನೋಡಿಕೊಳ್ಳುವುದು ನನ್ನ ಕೆಲಸ. ನೆಡುವುದು ಅರ್ಧ ದಿನದಲ್ಲಿ ಮುಗಿಯುತ್ತದೆ, ಉಳಿಸಿಕೊಳ್ಳುವುದಕ್ಕೆ ಎರಡು ಬೇಸಿಗೆ ಬೇಕು. ಆದರೆ ದುಡ್ಡು, ಫೋಟೊ, ಉತ್ಸಾಹ ಎಲ್ಲ ಆ ಅರ್ಧ ದಿನಕ್ಕೇ ಖರ್ಚಾಗಿಬಿಡುತ್ತದೆ. ಆಮೇಲೆ ನನಗೆ ಫೋನ್ ಬರುತ್ತದೆ. "ನರ್ಸರಿಯಲ್ಲಿ ಎಷ್ಟು ಚೆನ್ನಾಗಿತ್ತು, ಇಲ್ಲಿ ತಂದು ನೆಟ್ಟ ಮೇಲೆ ಎಲೆಯೆಲ್ಲ ಉದುರ್ತಾ ಇದೆ, ಯಾವ ಔಷಧಿ ಹೊಡೆಸೋಣ?"

ಹೆಚ್ಚಿನ ಸಲ ಯಾವ ಔಷಧಿಯೂ ಬೇಡ. ಅದು ರೋಗವಲ್ಲ, ಜಾಗ ಬದಲಾದ ಆಘಾತ.

ನೆಲದಲ್ಲಿ ಬೆಳೆದ ಮರದ ಬೇರು ಕೊಂಬೆ ಹರಡಿದ ಆಚೆಗೂ ಹೋಗಿರುತ್ತದೆ. ಅದನ್ನು ಅಗೆದು ಮಣ್ಣಿನ ಉಂಡೆ ಸಮೇತ ಎತ್ತಿದಾಗ ನಮ್ಮ ಜೊತೆ ಬರುವುದು ಬೇರಿನ ಸ್ವಲ್ಪ ಭಾಗ ಮಾತ್ರ. ನೀರು ಹೀರುವ ಕೂದಲಿನಂಥ ಸಣ್ಣ ಬೇರುಗಳಲ್ಲಿ ಬಹುಪಾಲು ಹಳೇ ಗುಂಡಿಯಲ್ಲೇ ಉಳಿದಿರುತ್ತವೆ. ಎಲೆ ಮಾತ್ರ ಮೊದಲಿನಷ್ಟೇ. ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಕೇಳುವಷ್ಟು ನೀರನ್ನು ಈ ಮೊಟಕು ಬೇರು ಕೊಡಲಾರದು. ಮೊದಲು ಎಲೆ ಜೋಲುತ್ತದೆ, ಆಮೇಲೆ ಅಂಚು ಕಂದಾಗುತ್ತದೆ, ಆಮೇಲೆ ಉದುರುತ್ತದೆ, ತೀರಾ ಜಾಸ್ತಿಯಾದರೆ ಕೊಂಬೆಯ ತುದಿ ಒಣಗುತ್ತದೆ. ಎಲೆ ಉದುರಿಸುವುದು ಮರ ತನ್ನ ಖರ್ಚನ್ನು ತಾನೇ ಕಡಿಮೆ ಮಾಡಿಕೊಳ್ಳುವ ದಾರಿ. ಹಾಗಾಗಿ ಎಲೆ ನೋಡಿ ಗಾಬರಿಯಾಗಬೇಡಿ, ಕೆಳಗೆ ಏನಾಗಿದೆ ನೋಡಿ.

ಬೆಂಗಳೂರಿಗೆ ಬರುವ ಎಂಟು ಹತ್ತು ಅಡಿಯ ದೊಡ್ಡ ಗಿಡಗಳಲ್ಲಿ ತುಂಬಾ ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂ ನರ್ಸರಿಗಳಿಂದ ಲಾರಿಯಲ್ಲಿ ಬರುತ್ತವೆ. ಅಲ್ಲಿನದು ಗೋದಾವರಿ ಬಯಲಿನ ಜಿಗುಟು ಮಣ್ಣು. ಉಂಡೆ ಗಟ್ಟಿಯಾಗಿ ನಿಲ್ಲುತ್ತದೆ, ದೂರದ ದಾರಿಗೆ ಅನುಕೂಲ. ಇಲ್ಲಿ ನಾವು ಅದನ್ನು ನಮ್ಮ ಕೆಂಪು ಮಣ್ಣಿನ ಗುಂಡಿಗೆ ಇಳಿಸುತ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿ. ಜಿಗುಟು ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಇಟ್ಟಿಗೆಯಂತಾಗುತ್ತದೆ, ಸುತ್ತ ಸಂದು ಬಿಡುತ್ತದೆ, ಹಾಕಿದ ನೀರು ಉಂಡೆಯೊಳಗೆ ಇಳಿಯದೆ ಸಂದಿನಲ್ಲೇ ಜಾರಿ ಸಡಿಲ ಕೆಂಪು ಮಣ್ಣಿಗೆ ಹೋಗುತ್ತದೆ. ಮೇಲಿಂದ ನೋಡಿದವರಿಗೆ ಪಾತಿ ತುಂಬಾ ನೀರು, ಒಳಗೆ ಬೇರಿಗೆ ಬಾಯಾರಿಕೆ.

ಒಂದು ಅಪಾರ್ಟ್‌ಮೆಂಟಿನಲ್ಲಿ ಬೇರೆಯವರು ನೆಟ್ಟಿದ್ದ ಹೊಂಗೆ ಮತ್ತು ಸಂಪಿಗೆಯ ಸಾಲು ನೋಡಲು ಕರೆದಿದ್ದರು, ಮಾರ್ಚ್ ತಿಂಗಳು. ಅಲ್ಲಿನ ಮಾಲಿ ವಯಸ್ಸಾದವರು, ತುಂಬಾ ನೊಂದುಕೊಂಡಿದ್ದರು. "ದಿನಾ ಬಿಡ್ತೀನಿ ಸಾರ್ ನೀರು, ಒಂದು ದಿನಾನೂ ತಪ್ಪಿಸಿಲ್ಲ" ಅಂದರು. ಅವರ ಮಾತು ಪೂರ್ತಿ ನಿಜ, ಸುತ್ತಲಿನ ಮಣ್ಣು ಕೆಸರಾಗಿತ್ತು. ಆದರೆ ಕಬ್ಬಿಣದ ಸರಳನ್ನು ಕಾಂಡದ ಪಕ್ಕ ಚುಚ್ಚಿದರೆ ನಾಲ್ಕು ಬೆರಳೂ ಇಳಿಯಲಿಲ್ಲ. "ನೀರು ಕೊಟ್ಟಿದ್ದೀರಿ ಅಣ್ಣ, ಅದು ಬೇರಿಗೆ ಮುಟ್ಟಿಲ್ಲ ಅಷ್ಟೇ" ಅಂದೆ. ಕಾಂಡದಿಂದ ದೂರ ದೊಡ್ಡದಾಗಿ ಕಟ್ಟಿದ್ದ ಪಾತಿ ಒಡೆದು, ಉಂಡೆಯ ಅಳತೆಗೇ ಸಣ್ಣ ಪಾತಿ ಕಟ್ಟಿದೆವು. ಉಂಡೆಗೆ ಅಲ್ಲಲ್ಲಿ, ದಪ್ಪ ಬೇರಿಗೆ ತಾಗದ ಹಾಗೆ, ತೆಳು ಸರಳಿನಿಂದ ತೂತು ಮಾಡಿದೆವು. ಹಳೇ ಇಪ್ಪತ್ತು ಲೀಟರ್ ಕ್ಯಾನ್‌ಗಳ ತಳಕ್ಕೆ ಸಣ್ಣ ತೂತು ಹಾಕಿ ಬುಡದಲ್ಲಿಟ್ಟೆವು. ತೊಟ್ಟಿಕ್ಕುವ ನೀರು ಗಂಟೆಗಟ್ಟಲೆ ಒಂದೇ ಕಡೆ ಬಿದ್ದಾಗ ಉಂಡೆ ನಿಧಾನಕ್ಕೆ ನೆನೆಯಿತು. ಮಳೆ ಶುರುವಾಗುವ ಹೊತ್ತಿಗೆ ಹೆಚ್ಚಿನವು ಚಿಗುರಿದವು. ಪಶ್ಚಿಮದ ಗೋಡೆ ಪಕ್ಕದ ಕೆಲವು ಉಳಿಯಲಿಲ್ಲ, ಗೋಡೆಯ ಕಾವು ಸಂಜೆಯವರೆಗೂ ಅವಕ್ಕೆ ಹೊಡೆಯುತ್ತಿತ್ತು. ಅಂಥ ಜಾಗದಲ್ಲಿ ಮೊದಲ ಬೇಸಿಗೆಗೆ ಹಸಿರು ನೆರಳು ಬಲೆ ಕಟ್ಟಲೇಬೇಕು.

ಎಷ್ಟು ನೀರು ಅಂತ ಎಲ್ಲರೂ ಕೇಳುತ್ತಾರೆ. ಎರಡು ಇಂಚು ದಪ್ಪ ಕಾಂಡದ ಮರಕ್ಕೆ ಒಂದು ಸಲಕ್ಕೆ 10ರಿಂದ 15 ಲೀಟರ್, ನಿಧಾನವಾಗಿ. ಮೊದಲ ಎರಡು ವಾರ ದಿನವೂ, ಆಮೇಲೆ ಮೂರು ತಿಂಗಳವರೆಗೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಇದು ಶುರು ಮಾಡುವುದಕ್ಕೆ ಒಂದು ಅಂದಾಜು ಅಷ್ಟೇ. ನೀರು ಜಾಸ್ತಿಯಾದರೂ ಎಲೆ ಹೀಗೇ ಜೋಲುತ್ತದೆ, ಏಕೆಂದರೆ ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ಕೊಳೆಯುತ್ತದೆ. ಹಾಗಾಗಿ ಪೈಪ್ ಹಿಡಿಯುವ ಮೊದಲು ಉಂಡೆಯಲ್ಲಿ ಒಂದು ಬೆರಳುದ್ದ ಕೆದಕಿ. ಮಣ್ಣು ಒದ್ದೆಯಾಗಿ ಕೈಗೆ ಅಂಟಿದರೆ ಇವತ್ತು ನೀರು ಬೇಡ. ಹುಳಿ ವಾಸನೆ ಬಂದರೆ ಹಲವು ದಿನ ಬೇಡ. ಲೇಔಟ್‌ಗಳಲ್ಲಿ ಗುಂಡಿಯ ತಳದಲ್ಲೇ ಸಿಮೆಂಟು, ಜಲ್ಲಿ, ಒಡೆದ ಟೈಲ್ಸ್ ಹೂತಿರುತ್ತವೆ, ನೀರು ಬಸಿಯಲು ದಾರಿಯೇ ಇರುವುದಿಲ್ಲ. ಅದನ್ನು ನೆಡುವ ದಿನವೇ ನೋಡಿ ತೆಗೆಯಬೇಕು.

ಇನ್ನು ಯೂರಿಯಾ. ದಯವಿಟ್ಟು ಬೇಡ! ಬಾಡಿದ ಮರಕ್ಕೆ ಶಕ್ತಿ ಬರಲಿ ಅಂತ ಒಳ್ಳೇ ಮನಸ್ಸಿನಿಂದಲೇ ಹಾಕುತ್ತಾರೆ, ಗೊತ್ತು. ಆದರೆ ಬೇರೇ ಇಲ್ಲದ ಮರ ಅದನ್ನು ಹೀರುವುದು ಹೇಗೆ? ಮಣ್ಣಿನಲ್ಲಿ ಉಪ್ಪಿನಂಶ ಏರಿದರೆ ಉಳಿದಿರುವ ನಾಲ್ಕು ಬೇರಿಗೂ ನೀರು ಎಳೆಯುವುದು ಕಷ್ಟವಾಗುತ್ತದೆ. ಹೀರಿಕೊಂಡರೂ ಸಾರಜನಕ ಎಲೆಯನ್ನು ಚಿಗುರಿಸುತ್ತದೆ, ಆ ಎಲೆಗೆ ಮತ್ತೆ ನೀರು ಬೇಕು. ಮೊದಲ ವರ್ಷ ಮರಕ್ಕೆ ಬೇಕಾಗಿರುವುದು ಬೇರು, ಎಲೆ ಅಲ್ಲ. ನಾನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಾತ್ರ ಮೇಲ್ಮಣ್ಣಿಗೆ ತೆಳ್ಳಗೆ ಹಾಕುತ್ತೇನೆ, ಅದೂ ಚಿಗುರು ನಿಂತ ಮೇಲೆ.

ಇನ್ನೊಂದು ಹಳೇ ರೂಢಿ, ನೆಟ್ಟ ಕೂಡಲೇ ತಲೆ ಸವರಿ ಬೋಳು ಮಾಡುವುದು. ಬೇರು ಕಡಿಮೆ, ಅದಕ್ಕೇ ಎಲೆಯೂ ಕಡಿಮೆ ಇರಲಿ ಅನ್ನುವ ಲೆಕ್ಕ. ಲೆಕ್ಕ ಸರಿ ಅನಿಸುತ್ತದೆ, ಅಲ್ವಾ? ಆದರೆ ಹೊಸ ಬೇರು ಬೆಳೆಯಲು ಬೇಕಾದ ಸಕ್ಕರೆ ತಯಾರಾಗುವುದು ಎಲೆಯಲ್ಲೇ. ಬೇರನ್ನು ಎಬ್ಬಿಸುವ ಹಾರ್ಮೋನು ಇಳಿದು ಬರುವುದು ಎಳೇ ಎಲೆ, ಮೊಗ್ಗುಗಳಿಂದಲೇ. ಒಣಗಿದ್ದು, ಮುರಿದದ್ದು, ಒಂದಕ್ಕೊಂದು ಉಜ್ಜುವುದು, ಇಷ್ಟನ್ನು ತೆಗೆಯಿರಿ. ಉಳಿದದ್ದನ್ನು ಮರಕ್ಕೇ ಬಿಡಿ, ಯಾವ ಎಲೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಅಗೆದು ತಂದ ದೊಡ್ಡ ಮರ ಲಾರಿಗೆ ಹತ್ತಬೇಕು ಅಂತ ಕೊಂಬೆ ಕಡಿಯುವುದು ಬೇರೆ ಮಾತು, ಅಲ್ಲಿ ಬೇರೆ ದಾರಿ ಇರುವುದಿಲ್ಲ.

ಆಳವಾಗಿ ನೆಟ್ಟ ಮರಗಳದು ನಿಧಾನದ ಸಾವು. ಕಾಂಡ ಬುಡದಲ್ಲಿ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮಟ್ಟದಲ್ಲಿ ಕಾಣಬೇಕು. ಕಂಬ ಹುಗಿದ ಹಾಗೆ ಕಾಂಡ ನೇರ ಮಣ್ಣಿಗೆ ಇಳಿದಿದ್ದರೆ ಸುತ್ತ ಕೆದಕಿ ಆ ಜಾಗವನ್ನು ಹೊರಗೆ ತನ್ನಿ. ಹಾಗೆ ಕೆದಕುವಾಗ ಪ್ಲಾಸ್ಟಿಕ್ ಹಗ್ಗ, ಪ್ಲಾಸ್ಟಿಕ್ ಚೀಲದ ಚೂರು ಸಿಕ್ಕರೆ ಕತ್ತರಿಸಿ ತೆಗೆಯಿರಿ. ಗೋಣಿ ಕೊಳೆಯುತ್ತದೆ, ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಕಾಂಡ ದಪ್ಪವಾದಂತೆ ಕತ್ತು ಬಿಗಿಯುತ್ತದೆ.

ಬುಡಕ್ಕೆ ಮೂರು ನಾಲ್ಕು ಇಂಚು ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಗೆದ್ದಲಿನ ಕಾಟ ಇರುವ ಕಡೆ ಹೀಗೆ ಜಾಗ ಬಿಡುವುದು ಇನ್ನೂ ಮುಖ್ಯ. ಸರ್ವೆ ಕೋಲು ಕಟ್ಟುವುದಾದರೆ ಸಡಿಲವಾಗಿ ಕಟ್ಟಿ, ಗಾಳಿಗೆ ಸ್ವಲ್ಪ ಅಲುಗಾಡಿದರೇನೇ ಕಾಂಡ ಗಟ್ಟಿಯಾಗುವುದು. ವರ್ಷದೊಳಗೆ ಬಿಚ್ಚಿಬಿಡಿ.

ಎಲೆಯೆಲ್ಲ ಹೋಗಿದೆ, ಸತ್ತಿದೆ ಅಂತ ಕಿತ್ತೆಸೆಯುವ ಮೊದಲು ಉಗುರಿನಿಂದ ಸಣ್ಣ ಕೊಂಬೆಯ ತೊಗಟೆ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ತುದಿಯಲ್ಲಿ ಕಂದಾಗಿದ್ದರೆ ಕೆಳಗೆ, ಇನ್ನೂ ಕೆಳಗೆ ಕೆರೆದು ನೋಡಿ. ಹೊಂಗೆಯಂಥ ಮರ ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸಿ ಮತ್ತೆ ಚಿಗುರುವುದು ಸಹಜವೇ, ಅದನ್ನು ಕಾಯಿಲೆ ಅಂದುಕೊಂಡು ಔಷಧಿ ಹೊಡೆಸಿದವರನ್ನು ನೋಡಿ ಬೇಜಾರಾಗುತ್ತದೆ.

ಸಾಲುಮರದ ತಿಮ್ಮಕ್ಕನವರ ಬಗ್ಗೆ ಮಾತಾಡುವಾಗ ಎಲ್ಲರೂ 385 ಆಲದ ಮರ ಅಂತ ಲೆಕ್ಕ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಆಮೇಲಿನ ಕೆಲಸ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಮಳೆಗಾಲ ನೋಡಿ ಸಸಿ ನೆಟ್ಟು, ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು, ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದರು. ಮೊದಲ ವರ್ಷ ಅವರು ನೆಟ್ಟಿದ್ದು ಹತ್ತೇ ಸಸಿ. ನೋಡಿಕೊಳ್ಳಲು ಆಗುವಷ್ಟೇ ನೆಟ್ಟರು, ಆಮೇಲೆ ವರ್ಷವರ್ಷ ಹೆಚ್ಚಿಸಿದರು.

ಅದಕ್ಕೇ ಈಗ ಯಾವ ಕಮಿಟಿ ನೂರು ಮರ ನೆಡಬೇಕು ಅಂತ ಬಂದರೂ ನಾನು ಮೊದಲು ಕೇಳುವುದು, ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು ಕೊಳ್ಳುವಾಗ ಈ ಮರಗಳ ಪಾಲು ಎಷ್ಟು, ಅದನ್ನು ಹಾಕುವವರು ಯಾರು ಅಂತ. ಉತ್ತರ ಇಲ್ಲದಿದ್ದರೆ ಮೂವತ್ತು ನೆಡೋಣ ಅನ್ನುತ್ತೇನೆ. ಎಂಟು ಅಡಿಯ ಮರದ ಬದಲು ಮೂರು ಅಡಿಯ ಸಸಿ ತರೋಣ ಅಂತಲೂ ಹೇಳುತ್ತೇನೆ, ಅದು ಬೇಗ ಬೇರು ಬಿಡುತ್ತದೆ, ಕೆಲವೇ ವರ್ಷದಲ್ಲಿ ದೊಡ್ಡದರ ಎತ್ತರಕ್ಕೆ ಬರುತ್ತದೆ. ಒಪ್ಪಂದದಲ್ಲಿ ಎರಡು ಬೇಸಿಗೆಯ ನೀರಿನ ಖರ್ಚನ್ನು ಬೇರೆ ಸಾಲಿನಲ್ಲಿ ಬರೆಸುತ್ತೇನೆ, ನೀರು ಹಾಕುವ ಮಾಲಿಯ ಕೂಲಿಯನ್ನೂ.