ಮುಷ್ಟಿಯಲ್ಲಿ ಮುಖ ಮುಚ್ಚಿದ ಮುದುಕ: ಸ್ಕೆಚ್ ಇಲ್ಲಿಯವರೆಗೆ

ಡಚ್ ಚಿತ್ರಕಾರ ವಾನ್ ಗಾಗ್‌ನ ‘ವೋರ್ನ್ ಔಟ್’ (ದಣಿದು ಸವೆದವನು) ನೋಡಿಕೊಂಡು ಬಿಡಿಸುತ್ತಿರುವ ಸ್ಕೆಚ್ ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. 1882ರ ನವೆಂಬರಿನಲ್ಲಿ, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿದ್ದಾಗ ಅವನು ಇದನ್ನು ಪೆನ್ಸಿಲಿನಲ್ಲಿ ಬಿಡಿಸಿದ. ಕುರ್ಚಿಯ ಮೇಲೊಬ್ಬ ಬೋಳುತಲೆಯ ಮುದುಕ. ಮೊಣಕೈ ತೊಡೆಗೆ ಊರಿದ್ದಾನೆ, ಮುಖವನ್ನು ಎರಡೂ ಮುಷ್ಟಿಗೆ ಒತ್ತಿಕೊಂಡಿದ್ದಾನೆ. ಅಷ್ಟೇ ಚಿತ್ರ. ಕುಳಿತವನು ಅಲ್ಲಿನ ವೃದ್ಧಾಶ್ರಮದ ಆಡ್ರಿಯಾನಸ್ ಝೌಡರ್‌ಲಾಂಡ್. ಅವನನ್ನು ವಾನ್ ಗಾಗ್ ಬೇರೆ ಬೇರೆ ಭಂಗಿಯಲ್ಲಿ ಎಷ್ಟೋ ಸಲ ಬಿಡಿಸಿದ್ದಾನೆ.

ಮೊದಲು ಸಾಮಾನ್ಯ ಎಚ್‌ಬಿ ಪೆನ್ಸಿಲಿನಲ್ಲಿ ಬೆನ್ನಿನ ಗೆರೆ ಎಳೆದೆ. ಕತ್ತಿನಿಂದ ಸೊಂಟದವರೆಗೆ ಒಂದೇ ಬಾಗು. ಇದು ಸ್ವಲ್ಪ ನೆಟ್ಟಗಾದರೂ ಮುದುಕ ಸುಮ್ನೆ ಯೋಚನೆ ಮಾಡುತ್ತಾ ಕೂತವನ ಹಾಗೆ ಕಾಣುತ್ತಾನೆ. ಬಾಗಿದಾಗ ಮಾತ್ರ ಮೈಯ ಭಾರವೆಲ್ಲ ಮೊಣಕೈಗೆ ಇಳಿಯುತ್ತದೆ. ಕುರ್ಚಿಯ ಕಾಲುಗಳು ಬೇಗ ಮುಗಿದವು.

ಹೆಚ್ಚು ಹೊತ್ತು ಹಿಡಿದದ್ದು ಕೈಗಳು. ಬೇರೆ ಹಾಳೆಯಲ್ಲಿ ಇದೇ ಮುದುಕನಿಗೆ ಬಿಚ್ಚಿದ ಅಂಗೈ ಹಾಕಿ ನೋಡಿದೆ. ತಕ್ಷಣ ಅವನು ಅಳುತ್ತಿರುವವನಾದ. ಮುಷ್ಟಿ ಬಿಗಿ ಮಾಡಿದರೆ ಅಳುವನ್ನು ತಡೆದು ಹಿಡಿದವನಾಗುತ್ತಾನೆ. ಮುಖವೇ ಕಾಣದ ಚಿತ್ರದಲ್ಲಿ ಮುಖದ ಕೆಲಸವನ್ನೆಲ್ಲ ಬೆರಳ ಗೆಣ್ಣುಗಳು ಮಾಡುತ್ತಿವೆ ಅಲ್ವಾ? ಈ ಚಿತ್ರದ ಅರ್ಥ ಹುಡುಕುವವರು ಮೊದಲು ಅಲ್ಲೇ ನೋಡಬೇಕು ಅಂತ ನನಗೆ ಅನಿಸುತ್ತದೆ. ಗೆಣ್ಣುಗಳ ಕೆಳಗಿನ ನೆರಳಿಗೆ ಇನ್ನೂ ಮೆತ್ತಗಿನ, ಕಪ್ಪಾದ 4ಬಿ ಪೆನ್ಸಿಲ್ ಬಳಸಿದ್ದೇನೆ. ಬೋಳು ತಲೆಯ ಮೇಲೆ ಬೆಳಕು ಬೀಳುವ ಕಡೆ ಕಾಗದವನ್ನು ಹಾಗೇ ಬಿಟ್ಟಿದ್ದೇನೆ.

ಇದೇ ಭಂಗಿಯನ್ನು ಅವನು ಅದೇ ತಿಂಗಳು ಕಲ್ಲಚ್ಚಿನಲ್ಲೂ (ಲಿಥೋಗ್ರಾಫ್) ಮಾಡಿದ. ಅದರ ಒಂದು ಪ್ರತಿಯ ಮೇಲೆ ‘ಅಟ್ ಇಟರ್ನಿಟೀಸ್ ಗೇಟ್’ (ಅನಂತದ ಬಾಗಿಲಲ್ಲಿ) ಎಂದು ಬರೆದ. ದುಡಿದು ಸವೆದ ಕೂಲಿಯವನು ಈಗ ಅನಂತದ ಬಾಗಿಲಲ್ಲಿ ಕೂತವನಾದ. ಒಲೆಯ ಮೂಲೆಯಲ್ಲಿ ಸುಮ್ಮನೆ ಕುಳಿತ ಇಂಥ ಮುದುಕನಲ್ಲಿ ಏನೋ ದೊಡ್ಡದಿದೆ, ಅದು ಹುಳುಗಳ ಪಾಲಾಗುವಂಥದ್ದಲ್ಲ ಎಂಬರ್ಥದಲ್ಲಿ ತಮ್ಮ ಥಿಯೋಗೆ ಪತ್ರವನ್ನೂ ಬರೆದಿದ್ದಾನೆ. ಇದನ್ನು ಓದಿದ ಮೇಲೆ ತಲೆಯ ಮೇಲಿನ ಬೆಳಕನ್ನು ಇನ್ನಷ್ಟು ಉಳಿಸಿಕೊಂಡೆ.

1890ರ ಮೇ ತಿಂಗಳಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, ಅದನ್ನೇ ಎಣ್ಣೆಬಣ್ಣದಲ್ಲಿ ಮತ್ತೆ ಬಿಡಿಸಿದ. ನೀಲಿ ಬಟ್ಟೆ, ಪಕ್ಕದಲ್ಲಿ ಬೆಂಕಿ. ಜುಲೈನಲ್ಲಿ ತೀರಿಕೊಂಡ. ಹಾಗಾಗಿ ತುಂಬಾ ಜನ ಆ ಮುದುಕನಲ್ಲಿ ವಾನ್ ಗಾಗ್‌ನ ಕೊನೆಯ ದಿನಗಳ ಸಂಕಟವನ್ನೇ ನೋಡುತ್ತಾರೆ. ಪೇಂಟಿಂಗ್‌ಗೆ ಅದು ಒಪ್ಪಬಹುದು. ಪೆನ್ಸಿಲ್ ಸ್ಕೆಚ್ಚಿಗೆ ಒಪ್ಪುವುದಿಲ್ಲ ಅಂತ ನನ್ನ ಅನಿಸಿಕೆ. ಬಿಡಿಸಿದಾಗ ಅವನಿಗೆ 29 ವರ್ಷ. ಎದುರಿಗೆ ಕೂತಿದ್ದ ಒಬ್ಬ ಬಡ ಮುದುಕನ ಆಯಾಸವನ್ನು ಅವನು ಅಷ್ಟು ಗೌರವದಿಂದ ನೋಡಿದ್ದಾನೆ. ಆ ಗೌರವವನ್ನು ನಾವು ಮುದುಕನಿಗೇ ಬಿಟ್ಟುಕೊಡಬೇಕು.

ಇನ್ನು ಉಳಿದಿರುವುದು ಶೂಗಳು ಮತ್ತು ಪ್ಯಾಂಟಿನ ಮಡಿಕೆಗಳು. ಹಿನ್ನೆಲೆ ಖಾಲಿ ಇರಲಿ ಅಂತ ತೀರ್ಮಾನಿಸಿದ್ದೇನೆ. ಒಲೆ ಬಂದರೆ ಕಣ್ಣು ಮುಷ್ಟಿಯಿಂದ ಆಚೆ ಹೋಗುತ್ತದೆ. ಶೂಗಳಿಗೆ ಹಾರ್ಡ್‌ವೇರ್ ಅಂಗಡಿಯಿಂದ ಬಡಗಿಯ ದಪ್ಪ ಪೆನ್ಸಿಲ್ ತಂದಿದ್ದೇನೆ, ವಾನ್ ಗಾಗ್ ಬಳಸುತ್ತಿದ್ದುದೂ ಅಂಥದ್ದನ್ನೇ. ಪೆನ್ಸಿಲಿನ ಹೊಳಪು ಹೋಗಲಿ, ಕಪ್ಪು ಗಟ್ಟಿಯಾಗಿ ನಿಲ್ಲಲಿ ಅಂತ ಅವನು ಚಿತ್ರದ ಮೇಲೆ ಹಾಲು ಸುರಿಯುತ್ತಿದ್ದ. ಈ ಹಾಲಿನ ಉಪಾಯವನ್ನು ಮೊದಲು, ಬಿಚ್ಚಿದ ಅಂಗೈ ಬಿಡಿಸಿದ್ದ ಆ ಬೇರೆ ಹಾಳೆಯ ಮೇಲೆ ಪ್ರಯೋಗ ಮಾಡುತ್ತೇನೆ. ಕಾಗದ ತಡೆದುಕೊಂಡರೆ ಮುಂದಿನ ಭಾಗದಲ್ಲಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.