ನಮ್ಮ ಭಾನುವಾರ ಶುಕ್ರವಾರ ಬರುತ್ತದೆ

ಒಮಾನ್‌ನ ಮಸ್ಕತ್‌ನಿಂದ ರಜೆಗೆ ಬಳ್ಳಾರಿಗೆ ಬಂದಾಗೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ, "ಮಸ್ಕತ್‌ನಾಗ ಭಾನುವಾರ ಏನ್ ಮಾಡ್ತೀರಮ್ಮ?" ಭಾನುವಾರ ಬೆಳಿಗ್ಗೆ ನಾನು ಮಕ್ಕಳ ಟಿಫಿನ್ ಡಬ್ಬಿ ಕಟ್ಟುತ್ತಿರುತ್ತೇನೆ. ಅಲ್ಲಿ ವಾರ ಶುರುವಾಗುವುದೇ ಭಾನುವಾರ. ರಜೆ ಶುಕ್ರವಾರ, ಶನಿವಾರ. 2013ಕ್ಕಿಂತ ಮುಂಚೆ ಸರ್ಕಾರಿ ರಜೆ ಗುರುವಾರ, ಶುಕ್ರವಾರ ಇತ್ತು, ಆಮೇಲೆ ಬದಲಾಯಿಸಿದರು.

ಹೀಗಾಗಿ ಊರಿನವರ ಜೊತೆ ಆರಾಮಾಗಿ ಮಾತಾಡಲು ಸಿಗುವುದು ಶನಿವಾರ ಸಂಜೆ ಒಂದೇ. ಅಲ್ಲಿನ ಗಡಿಯಾರ ಇಲ್ಲಿಗಿಂತ ಒಂದೂವರೆ ಗಂಟೆ ಹಿಂದೆ ಬೇರೆ. ನಾವು ಸಂಜೆಯ ಕೆಲಸ ಮುಗಿಸಿ ವಿಡಿಯೋ ಕಾಲ್ ಮಾಡುವ ಹೊತ್ತಿಗೆ ಅಮ್ಮ ತಟ್ಟೆ ಮುಂದೆ ಕೂತಿರುತ್ತಾರೆ, ಮಾತೆಲ್ಲ ಊಟದ ಮೇಲೆಯೇ ಹೋಗುತ್ತದೆ. ದೊಡ್ಡ ರಜೆಯದೂ ಇದೇ ಕಥೆ. ಅಲ್ಲಿನ ಇಂಡಿಯನ್ ಸ್ಕೂಲ್‌ಗಳಿಗೆ ಜೂನ್, ಜುಲೈನಲ್ಲಿ ರಜೆ. ಇಲ್ಲಿನ ಮಕ್ಕಳಿಗೆ ಏಪ್ರಿಲ್, ಮೇ. ನಾವು ಬಂದಿಳಿಯುವಾಗ ಅಣ್ಣನ ಮಕ್ಕಳು ಹೊಸ ಪುಸ್ತಕಕ್ಕೆ ಬೈಂಡ್ ಹಾಕಿ ಶಾಲೆಗೆ ಹೊರಟಿರುತ್ತಾರೆ. ನಮ್ಮ ಮಕ್ಕಳು ಇಡೀ ದಿನ ಗೇಟಿನ ಹತ್ತಿರ ಆಟೋ ಬರುವುದನ್ನೇ ಕಾಯುತ್ತಾರೆ.

ಬಿಸಿಲಿನ ಮಾತು ಬಂದರೆ ಎಲ್ಲರೂ ಪಾಪ ಅನ್ನುತ್ತಾರೆ. ಬಳ್ಳಾರಿಯಲ್ಲಿ ಬೆಳೆದವರಿಗೆ ಬಿಸಿಲು ಏನು ಹೊಸದು? ಅಲ್ಲಿ ಕಷ್ಟ ಕೊಡುವುದು ಸೆಕೆ. ಇಲ್ಲಿಯದು ಒಣ ಬಿಸಿಲು, ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಕಿದರೆ ನಿದ್ದೆ ಬರುತ್ತದೆ. ಅಲ್ಲಿ ಸಮುದ್ರ ಪಕ್ಕದಲ್ಲೇ ಇರುವುದರಿಂದ ರಾತ್ರಿ ಹತ್ತಕ್ಕೂ ಬಾಗಿಲು ತೆಗೆದರೆ ಕನ್ನಡಕ ಮಂಜಾಗುತ್ತದೆ. ನಮ್ಮವರದು ಸೈಟ್ ಕೆಲಸ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ಕಾನೂನೇ ಇದೆ. ಅದಕ್ಕೆ ಆ ತಿಂಗಳುಗಳಲ್ಲಿ ಅವರು ಕತ್ತಲಲ್ಲೇ ಎದ್ದು ಹೊರಡುತ್ತಾರೆ. ಈ ಕಾನೂನು ನಮ್ಮ ಕಡೆಯ ಗಣಿಗಳಿಗೂ ಸ್ಟೀಲ್ ಪ್ಲಾಂಟ್‌ಗಳಿಗೂ ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಉಳಿದ ದಿನಚರಿ ಎಲ್ಲ ಕಡೆ ಇದ್ದಂತೆಯೇ. ಸ್ಕೂಲ್ ಬಸ್, ಅಡುಗೆ, ಹೋಮ್‌ವರ್ಕ್. ಜೋಳದ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ, ಆದರೆ ರೊಟ್ಟಿ ಬಡಿದರೆ ಅಂಚು ಒಡೆಯುತ್ತದೆ. ಅದಕ್ಕೆ ವಾಪಸ್ ಹೋಗುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗೇ ಸೂಟ್‌ಕೇಸಿನಲ್ಲಿ ಅರ್ಧ ಜಾಗ.

ಈಗ ತಿರುಗಾಟದ ವಿಷಯ. ವಾಟ್ಸಾಪ್ ಸ್ಟೇಟಸ್ ನೋಡಿ "ವಾರವಾರ ಟೂರು, ಆರಾಮಿದ್ದೀರಿ ಬಿಡಿ" ಅನ್ನುತ್ತಾರಲ್ಲ, ಅವರಿಗೆ ಒಂದು ಮಾತು ಹೇಳಬೇಕು. ಬಳ್ಳಾರಿಯಲ್ಲಿ ಭಾನುವಾರ ತಾನೇ ತುಂಬಿಕೊಳ್ಳುತ್ತದೆ. ಯಾರದೋ ಗೃಹಪ್ರವೇಶ, ಇನ್ಯಾರದೋ ಮಗುವಿನ ತೊಟ್ಟಿಲು, ಏನೂ ಇಲ್ಲದಿದ್ದರೆ ಬೆಳಿಗ್ಗೆ ಉಗ್ಗಾಣಿ ಬಜ್ಜಿ ತರಲು ಹೋದವರು ದಾರಿಯಲ್ಲಿ ಸಿಕ್ಕವರ ಜೊತೆ ಮಾತಿಗೆ ನಿಂತು ಹನ್ನೊಂದಕ್ಕೆ ಮನೆಗೆ ಬರುತ್ತಾರೆ. ಅಲ್ಲಿ ಶುಕ್ರವಾರ ಯಾರೂ ಬಾಗಿಲು ತಟ್ಟುವುದಿಲ್ಲ. ನಾವೇ ಎದ್ದು ಹೊರಡದಿದ್ದರೆ ಮಾಲ್‌ನ ಎಸಿಯಲ್ಲಿ ಸುಮ್ನೆ ಸುತ್ತಿ ಬರಬೇಕು, ಮಕ್ಕಳು ಮೊಬೈಲ್ ಹಿಡಿದು ಕೂರುತ್ತಾರೆ. ಅದಕ್ಕೇ ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಅದೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಜಾಸ್ತಿ. ರಂಜಾನ್ ತಿಂಗಳಲ್ಲಿ ಹಗಲು ಹೊರಗೆ ಎಲ್ಲರೆದುರು ತಿನ್ನುವ ಹಾಗಿಲ್ಲ, ಆಗ ತಿರುಗಾಟ ಏನಿದ್ದರೂ ರಾತ್ರಿ, ಮಸ್ಕತ್‌ನಲ್ಲೇ ಇರುವ ಮತ್ರಾದ ಸಮುದ್ರದ ದಂಡೆಯಲ್ಲಿ.

ನನಗೆ ಇಷ್ಟವಾದ ಜಾಗ ನಿಜ್ವಾ. ಮಸ್ಕತ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ. ಅಲ್ಲಿನ ದುಂಡನೆಯ ದೊಡ್ಡ ಕೋಟೆ 17ನೇ ಶತಮಾನದ್ದು. ಬಾಗಿಲುಗಳ ಮೇಲೆ ಕಿಂಡಿ ಬಿಟ್ಟಿದ್ದಾರೆ, ವೈರಿ ಒಳಗೆ ನುಗ್ಗಿದರೆ ಕುದಿಯುವ ಖರ್ಜೂರದ ಪಾಕ ಸುರಿಯಲು. ಮಗನಿಗೆ ಇಡೀ ಕೋಟೆಯಲ್ಲಿ ನೆನಪಿರುವುದು ಇದೊಂದೇ. ಕೋಟೆಯ ಹತ್ತಿರವೇ ಶುಕ್ರವಾರ ಬೆಳಿಗ್ಗೆ ಆಡಿನ ಸಂತೆ. ಮಾರುವವರು ಆಡು ಹಿಡಿದು ಸುತ್ತು ಹಾಕುತ್ತಾರೆ, ಕೊಳ್ಳುವವರು ಎರಡೂ ಕಡೆ ನಿಂತು ಮುಟ್ಟಿ ನೋಡಿ ಬೆಲೆ ಕೂಗುತ್ತಾರೆ. ಮಾವ ನಮ್ಮ ಹತ್ತಿರ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋದೆವು. ಕುರುಗೋಡು ಕಡೆಯವರು, ಜೀವನವಿಡೀ ಕುರಿ ನೋಡಿದವರು. ಒಂದು ಆಡಿನ ಬಾಯಿ ತೆರೆದು ಹಲ್ಲು ನೋಡಿ, ಪಕ್ಕದಲ್ಲಿದ್ದ ಒಮಾನಿ ಅಜ್ಜನಿಗೆ ಎರಡು ಬೆರಳು ತೋರಿಸಿದರು. ಅಜ್ಜ ತಲೆಯಾಡಿಸಿ ಒಂದು ಬೆರಳು ತೋರಿಸಿದ. ಭಾಷೆ ಇಲ್ಲದೆಯೇ ಇಬ್ಬರ ವಾದ ಜೋರಾಯಿತು, ಕೊನೆಗೆ ಅಜ್ಜ ಕಾಹ್ವಾ, ಅಂದರೆ ಅಲ್ಲಿನ ಕಾಫಿ, ಕುಡಿಸಿ ಕೈಗೆ ಖರ್ಜೂರ ಇಟ್ಟು ಕಳಿಸಿದ. ಆಡಿನ ವಯಸ್ಸು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ.

ಅಲ್ಲೇ ಫಲಜ್ ದಾರಿಸ್ ಅಂತ ನೀರಿನ ಕಾಲುವೆ ಇದೆ. ಒಮಾನ್‌ನ ಇಂಥ ಐದು ಕಾಲುವೆಗಳನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರು. ಪಂಪ್ ಇಲ್ಲ, ಇಳಿಜಾರಿನಲ್ಲೇ ನೀರು ಹರಿದು ತೋಟಕ್ಕೆ ಬರುತ್ತದೆ. ಹಂಚಿಕೆ ಹೊತ್ತಿನ ಲೆಕ್ಕದಲ್ಲಿ. ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಿಸುತ್ತಿದ್ದರಂತೆ. ಇದನ್ನು ಓದಿ ಹೇಳಿದಾಗ ಮಾವ ಕೇಳಿದ್ದು ಒಂದೇ, "ಕೊನೇ ತೋಟದವನಿಗೆ ಮುಟ್ತದೇನು?" ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತರನ್ನು ಕಂಡವರು ಮತ್ತೇನು ಕೇಳುತ್ತಾರೆ?

ಜಬಲ್ ಅಖ್ದರ್ ಬೆಟ್ಟಕ್ಕೂ ಹೋಗುತ್ತೇವೆ, ಆದರೆ ಯಾರಾದರೂ ಜೊತೆಗಿದ್ದರೆ ಮಾತ್ರ. ಬುಡದಲ್ಲಿ ಪೊಲೀಸರು ಫೋರ್ ವ್ಹೀಲ್ ಡ್ರೈವ್ ಗಾಡಿ ಇಲ್ಲದಿದ್ದರೆ ಬಿಡುವುದಿಲ್ಲ, ನಮ್ಮದು ಮಾಮೂಲಿ ಕಾರು. ಏಪ್ರಿಲ್‌ನಲ್ಲಿ ಹೋದರೆ ಗುಲಾಬಿ ಬಿಟ್ಟಿರುತ್ತದೆ, ಪನ್ನೀರು ಇಳಿಸುವುದನ್ನೂ ನೋಡಬಹುದು.

ಸದ್ಯಕ್ಕೆ ಬಳ್ಳಾರಿಯಲ್ಲಿದ್ದೇವೆ. ಈ ಭಾನುವಾರ ಅಣ್ಣನ ಮಕ್ಕಳಿಗೂ ರಜೆ, ಎಲ್ಲರೂ ಸೇರಿ ಸಂಡೂರಿಗೆ ಹೋಗೋಣ ಅಂತ ಮಾತಾಗಿದೆ. ಮಳೆ ಬಿದ್ದಿದೆ, ಗುಡ್ಡಗಳು ಹಸಿರಾಗಿರುತ್ತವೆ. ನಾಲ್ಕು ಜನ ಅಂತ ಶುರುವಾದದ್ದು, ನಿನ್ನೆ ರಾತ್ರಿಗೆ ಚಿಕ್ಕಮ್ಮ, ಅವರ ಮಗಳು, ಪಕ್ಕದ ಮನೆಯ ಹುಡುಗ ಎಲ್ಲ ಸೇರಿಕೊಂಡಿದ್ದಾರೆ. ಒಂದು ಗಾಡಿ ಸಾಲುವುದಿಲ್ಲ, ಟೆಂಪೋ ಟ್ರಾವೆಲರ್ ಮಾಡೋಣ ಅಂತ ಅಣ್ಣ ಫೋನ್ ಮಾಡುತ್ತಾ ಕೂತಿದ್ದಾನೆ.