ಒಲೆಗಿಂತ ಮೊದಲು ಹೊಗೆಯ ದಾರಿ

ಕೊಪ್ಪಳ ಜಿಲ್ಲೆಯಲ್ಲಿ ಮನೆಗಳ ನಕ್ಷೆ ಬರೆದು, ನಿಂತು ಕಟ್ಟಿಸಿಕೊಡುವುದು ನನ್ನ ವೃತ್ತಿ. ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಟ್ಟಿಸಿದ ಹೊಸ ಮನೆಯ ಬಚ್ಚಲ ಒಲೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇದೇ ಕೆಲಸದಲ್ಲಿರುವ ಕಿರಿಯರಿಗಾಗಿ ಬರೆಯುತ್ತಿದ್ದೇನೆ.

ಆ ಮನೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇತ್ತು. ಆದರೆ ಆಷಾಢ, ಶ್ರಾವಣಗಳಲ್ಲಿ ಮೋಡ ಮುಸುಕಿದ ದಿನ ಅದರ ನೀರು ಸಾಕಷ್ಟು ಕಾಯುವುದಿಲ್ಲ. ಬೋರ್‌ವೆಲ್ಲಿನ ಗಡುಸು ನೀರಿನಿಂದ ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರು ಕಟ್ಟುತ್ತದೆ. ಆದ್ದರಿಂದ ಹಂಡೆ ಕೂರಿಸುವ ಕಟ್ಟಿಗೆ ಒಲೆಯೂ ಒಂದಿರಲಿ ಎಂದು ಮನೆಯ ಹಿರಿಯ ತಾಯಿ ಕೇಳಿದರು. ಅಷ್ಟು ಹೊತ್ತಿಗೆ ಛಾವಣಿಯ ಕಾಂಕ್ರೀಟ್ ಮುಗಿದಿತ್ತು. ಹೊಸ ಛಾವಣಿಗೆ ತೂತು ಹೊಡೆಯಲು ಮನಸ್ಸಾಗದೆ, 4 ಇಂಚಿನ ಹೊಗೆ ಕೊಳವೆಯನ್ನು ಗೋಡೆಯಿಂದ ಹೊರಕ್ಕೆ ತೆಗೆದು, ಎರಡು ಕಡೆ ಬಾಗು ಕೊಟ್ಟು, ಪ್ಯಾರಾಪೆಟ್ ಗೋಡೆಯ ಮಟ್ಟಕ್ಕೇ ನಿಲ್ಲಿಸಿದೆ. ಒಲೆಯ ಬಾಯಿ ಬಚ್ಚಲದ ಒಳಗೇ ಇತ್ತು.

ಮೊದಲ ಮಳೆಗಾಲದಲ್ಲೇ ಆ ತಾಯಿ ಫೋನ್ ಮಾಡಿ, "ತಮ್ಮಾ, ಗಾಳಿ ಬಿಟ್ಟಾಗೆಲ್ಲ ಹೊಗಿ ತಿರುಗಿ ಬಚ್ಚಲದಾಗ ಬರ್ತೈತಿ, ತಲಿ ಸುತ್ತತೈತಿ" ಎಂದರು. ಆ ಮಾತಿಗೆ ನಾನು ನಿಜಕ್ಕೂ ಹೆದರಿದೆ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಕಟ್ಟಿಗೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಕೊಳ್ಳುತ್ತದೆ. ಒಲೆಯನ್ನು ಮತ್ತೆ ಹೊತ್ತಿಸಬೇಡಿರೆಂದು ಹೇಳಿ, ಮರುದಿನವೇ ಹೋದೆ.

ಹೋಗಿ ನೋಡಿದರೆ ಕಾರಣ ಮಾಳಿಗೆಯ ಮೇಲೆಯೇ ಇತ್ತು. ಪಶ್ಚಿಮದಿಂದ ಬೀಸುವ ಗಾಳಿ ಮೆಟ್ಟಿಲ ಕೋಣೆಗೆ ಬಡಿದು ಕೆಳಕ್ಕೆ ಇಳಿಯುವ ಜಾಗದಲ್ಲಿಯೇ ಕೊಳವೆಯ ತುದಿಯಿತ್ತು. ಹೊಗೆಯನ್ನು ಮೇಲಕ್ಕೆ ಎಳೆಯುವುದು ಕೊಳವೆಯ ಎತ್ತರ ಮತ್ತು ಒಳಗಿನ ಬಿಸಿ. ಪ್ರತಿಯೊಂದು ಬಾಗೂ ಆ ಎಳೆತವನ್ನು ತಗ್ಗಿಸುತ್ತದೆ, ಮಸಿಗೆ ಕೂರಲು ಜಾಗವನ್ನೂ ಕೊಡುತ್ತದೆ. ತುದಿಯು ಛಾವಣಿಯಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿ ದೂರದೊಳಗಿರುವ ಯಾವುದೇ ಗೋಡೆ, ಟ್ಯಾಂಕುಗಳಿಗಿಂತ 2 ಅಡಿಯಾದರೂ ಎತ್ತರವಿರಬೇಕು ಎಂಬ ನಿಯಮ ನನಗೆ ತಿಳಿಯದ್ದೇನಲ್ಲ. ಬಚ್ಚಲ ಒಲೆಗೆ ಅಷ್ಟೆಲ್ಲ ಯಾಕೆ ಎಂದುಕೊಂಡದ್ದೇ ನನ್ನ ತಪ್ಪು.

ಕೊನೆಗೆ ಛಾವಣಿಗೆ ತೂತು ಹೊಡೆಯಲೇಬೇಕಾಯಿತು. ನೆಟ್ಟಗಿನ 6 ಇಂಚಿನ ಕೊಳವೆಯನ್ನು ಮೆಟ್ಟಿಲ ಕೋಣೆಯನ್ನೂ ಮೀರಿಸಿ ನಿಲ್ಲಿಸಿ, ಬುಡದಲ್ಲಿ ಮಸಿ ತೆಗೆಯುವ ಮುಚ್ಚಳ ಇಟ್ಟೆವು. ಹಂಡೆ ಒಳಗೆ, ಒಲೆಯ ಬಾಯಿ ಹಿತ್ತಲಿಗೆ ಎಂಬ ಹಳೆಯ ಮನೆಗಳ ಪದ್ಧತಿಗೆ ಮರಳಿದೆವು. ನಮ್ಮ ಹಿರಿಯರ ಆ ಏರ್ಪಾಡು ಎಷ್ಟು ವಿವೇಕದ್ದೆಂಬುದು ನನಗೆ ಆಗ ಅರ್ಥವಾಯಿತು.

ಒಲೆಯನ್ನೂ ಹೊಸದಾಗಿ ಆರಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆಯಂತೆ ಮುಚ್ಚಿದ ಗೂಡು, ಕೆಳಗೆ ಗಾಳಿಯಾಡುವ ಕಬ್ಬಿಣದ ಜಾಲರಿ ಇರುವಂಥದ್ದು ಅದು. 100 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು 2,000 ಕಿಲೋಕ್ಯಾಲರಿ ಶಾಖ ಬೇಕು. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3,500 ಇರುತ್ತದೆ. ಅದರ ಹತ್ತನೇ ಒಂದು ಪಾಲು ಮಾತ್ರ ನೀರಿಗೆ ಸೇರುವ ತೆರೆದ ಒಲೆಯಲ್ಲಿ ಸುಮಾರು 6 ಕಿಲೋ ಕಟ್ಟಿಗೆ ಬೇಕಾದರೆ, ಶೇಕಡಾ 30ರಷ್ಟು ಸೇರುವ ಒಲೆಯಲ್ಲಿ 2 ಕಿಲೋ ಸಾಕು.

ಏನನ್ನು ಉರಿಸುತ್ತೀರಿ ಎಂದೂ ನಾನು ಮೊದಲು ಕೇಳಿರಲಿಲ್ಲ. ಅವರ ಹೊಲದ ತೊಗರಿ ಕಟ್ಟಿಗೆ ಬೇಗ ಹೊತ್ತಿ ಬೇಗ ಮುಗಿಯುತ್ತದೆ. ಬಳ್ಳಾರಿ ಜಾಲಿ ನಿಧಾನವಾಗಿ ಉರಿದು ಗಟ್ಟಿ ಕೆಂಡವಾಗುತ್ತದೆ, ಆದರೆ ಹಸಿ ಇದ್ದರೆ ಹೊಗೆಯೇ ಹೆಚ್ಚು. ಆದ್ದರಿಂದ ಒಲೆಯ ಪಕ್ಕದಲ್ಲಿಯೇ ಮಳೆ ತಾಗದಂತೆ ಕಟ್ಟಿಗೆ ಒಟ್ಟಲು ತಗಡಿನ ಚಪ್ಪರ ಹಾಕಿಸಿದೆ.

ಒಲೆಯ ಗಿಲಾವಿಗೆ ಗೌಂಡಿ ಹೊಲದ ಎರೆಮಣ್ಣು ತಂದಿದ್ದ. ಒಣಗಿದಾಗ ಅದು ಬಿರುಕು ಬಿಡುತ್ತದೆಂದು ವಾಪಸು ಕಳಿಸಿ, ಹುತ್ತದ ಮಣ್ಣಿಗೆ ಹೊಟ್ಟು, ಸಗಣಿ ಕಲಸಿ ಬಳಿಸಿದೆವು.

ಈಗ ನನ್ನ ಪ್ರತಿಯೊಂದು ನಕ್ಷೆಯಲ್ಲೂ, ಮನೆಯವರು ಒಲೆ ಕೇಳಿರಲಿ ಬಿಡಲಿ, ಬಚ್ಚಲದ ಮೇಲೆ ಕೊಳವೆಗೆಂದು ಒಂದು ಕಿಂಡಿಯನ್ನು ಕಂಬಿ ಕಟ್ಟುವ ಮೊದಲೇ ಗುರುತು ಮಾಡಿರುತ್ತೇನೆ.